ಮೂಲವ್ಯಾಧಿ: ಮನೆಯಲ್ಲಿ ಮಾಡಬೇಕಾದ್ದು ಎಂತ, ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

ತೋಟದಬದಿ (ಬದಿಯಡ್ಕ) ಕೇಳಿದ್ದು:

ಅಡಿಕೆ ಸುಲಿಯುವ ಹೆಂಗಸರಿಗೆ ಕೊಡಲಿಕ್ಕೆ ಕನ್ನಡದಲ್ಲಿ ಒಂದು ಪುಟದ ಮಾಹಿತಿ ಬರೆಯಲಿಕ್ಕುಂಟು. ದಿನಕ್ಕೆ ಏಳೆಂಟು ಗಂಟೆ ಕೂತಲ್ಲೇ ಕೆಲಸ. ಕಕ್ಕಸಿಗೆ ಹೋಗಬೇಕು ಅನಿಸಿದರೂ "ಈ ಗೋಣಿ ಮುಗಿಯಲಿ" ಅಂತ ತಡೆಹಿಡಿಯುವುದು, ಪದೇ ಪದೇ ಎದ್ದು ಹೋಗುವುದು ಬೇಡ ಅಂತ ನೀರೇ ಕುಡಿಯದಿರುವುದು. ಇವರಲ್ಲಿ ಹಲವರು ರಕ್ತ ಹೋಗುತ್ತದೆ, ಗಂಟು ಹೊರಗೆ ಬರುತ್ತದೆ ಅನ್ನುತ್ತಾರೆ. ನಾಚಿಕೆಯಿಂದ ಯಾರಿಗೂ ತೋರಿಸುವುದಿಲ್ಲ. ಅಂಗಡಿಗೆ ಹೋಗಿ "ಮೂಲಕ್ಕುರುವಿಗೆ ಮದ್ದು" ಅಂದರೆ ಒಂದು ಟ್ಯೂಬ್ ಸಿಗುತ್ತದೆ, ಅಷ್ಟೇ. ಕೈಗೆ ಸಿಕ್ಕಿದ ಕರಪತ್ರವೂ ಮಲಯಾಳದ್ದು, ಇವರಲ್ಲಿ ಹೆಚ್ಚಿನವರಿಗೆ ಅದು ಓದಲಿಕ್ಕೆ ಬರುವುದಿಲ್ಲ.

ನನಗೆ ಬೇಕಾದ್ದು ಸರಿಯಾದ ಅಳತೆ: ಇಸಬ್ಗೋಲ್ ಎಷ್ಟು, ನೀರು ಎಷ್ಟು, ಬಿಸಿನೀರಿನಲ್ಲಿ ಕೂರುವುದಾದರೆ ಎಷ್ಟು ಬಿಸಿ, ಎಷ್ಟು ಹೊತ್ತು, ಟ್ಯೂಬ್ ಎಷ್ಟು ದಿನ. ಮತ್ತೆ ಯಾವ ಲಕ್ಷಣ ಕಂಡರೆ ಮನೆಮದ್ದು ಬಿಟ್ಟು ಹೊರಡಬೇಕು. ತಿಳಿದವರು ದಯವಿಟ್ಟು ಬರೆಯಿರಿ.

ಪಯಸ್ವಿನಿ ತೀರ ಬರೆದದ್ದು:

ಮೊದಲಿಗೆ ಒಂದು ವಿಷಯ ಆ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಬರಲಿ ಅಕ್ಕ: ಅಲ್ಲಿ ಆಗುವ ತೊಂದರೆಯೆಲ್ಲ ಮೂಲವ್ಯಾಧಿ ಅಲ್ಲ. ನೋವೋ, ರಕ್ತವೋ, ಗಂಟೋ, ಯಾವುದು ಮುಂದಾಗಿ ಉಂಟು ಅಂತ ಕೇಳಿದರೆ ಅರ್ಧ ದಾರಿ ಸ್ಪಷ್ಟವಾಗುತ್ತದೆ.

ಗುದದ ಒಳಗೆ ರಕ್ತನಾಳಗಳಿಂದ ತುಂಬಿದ ಮೂರು ಮೆತ್ತೆಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ಗಾಳಿ, ನೀರು ತಾನಾಗಿ ಸೋರದ ಹಾಗೆ ಬಾಯಿ ಮುಚ್ಚಿಡುವುದು ಅವುಗಳ ಕೆಲಸ. ಗಟ್ಟಿ ಮಲ, ದೀರ್ಘ ಹೊತ್ತು ತಿಣುಕುವುದು, ಬಸಿರಿನ ಭಾರ, ಇವುಗಳಿಂದ ಮೆತ್ತೆಗಳನ್ನು ಹಿಡಿದಿಡುವ ನಾರುಕಟ್ಟು ಸಡಿಲವಾಗಿ ಅವು ಊದಿ ಕೆಳಗೆ ಜಾರಿದಾಗ ಅದಕ್ಕೆ ಮೂಲವ್ಯಾಧಿ ಅನ್ನುತ್ತೇವೆ. ಬಾಯಿಯಿಂದ ಸುಮಾರು 2 ಸೆಂ.ಮೀ. ಒಳಗೆ ಒಂದು ಗಡಿಗೆರೆ ಉಂಟು. ಅದರ ಮೇಲಿನ ಭಾಗಕ್ಕೆ ಚರ್ಮದಲ್ಲಿರುವಂಥ ನೋವಿನ ಅರಿವಿಲ್ಲ, ಕೆಳಗಿನ ಭಾಗಕ್ಕೆ ವಿಪರೀತ ಉಂಟು. ಹಾಗಾಗಿ ಒಳಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಹೋಗುತ್ತದೆ. ತಿಳಿ ಕೆಂಪು, ಮಲ ಹೋದ ಮೇಲೆ ಹನಿ ಹನಿಯಾಗಿ ಅಥವಾ ಚಿಮ್ಮಿದ ಹಾಗೆ.

ಒಳಮೂಲವ್ಯಾಧಿಗೆ ನಾಲ್ಕು ಹಂತ. ರಕ್ತ ಮಾತ್ರ ಹೋಗಿ ಗಂಟು ಹೊರಗೆ ಬಾರದಿದ್ದರೆ ಒಂದು. ತಿಣುಕುವಾಗ ಹೊರಬಂದು ತಾನೇ ಒಳಗೆ ಹೋದರೆ ಎರಡು. ಬೆರಳಿನಿಂದ ಒಳಗೆ ದೂಡಬೇಕಾದರೆ ಮೂರು. ದೂಡಿದರೂ ಹೋಗದಿದ್ದರೆ ನಾಲ್ಕು. ಮನೆಯ ಆರೈಕೆಯಿಂದ ಹೆಚ್ಚು ಪ್ರಯೋಜನ ಮೊದಲ ಎರಡು ಹಂತಕ್ಕೆ. ಮೂರನೆಯದಕ್ಕೆ ಹೆಚ್ಚಾಗಿ ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವಂಥ ಚಿಕಿತ್ಸೆ ಬೇಕಾಗುತ್ತದೆ, ನಾಲ್ಕನೆಯದಕ್ಕೆ ಆಪರೇಷನ್.

ಹೊರಮೂಲವ್ಯಾಧಿಯ ಕಥೆ ಬೇರೆ. ಬಾಯಿಯ ಅಂಚಿನಲ್ಲಿ ಒಮ್ಮೆಗೇ ದ್ರಾಕ್ಷಿಯ ಗಾತ್ರದ ನೀಲಿ ಗಂಟು ಎದ್ದು, ಕೂರಲಿಕ್ಕೇ ಆಗದಷ್ಟು ನೋವು ಬಂದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಅರ್ಥ. ನೋವು ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತದೆ, ಗಂಟು ಕರಗಲು ಕೆಲವು ವಾರ. ಅಸಾಧ್ಯ ನೋವಿದ್ದರೆ ಮೊದಲ 72 ಗಂಟೆಯೊಳಗೆ ವೈದ್ಯರಲ್ಲಿ ಹೋಗಬೇಕು. ಆಗ ಮರಗಟ್ಟಿಸಿ ಗಂಟನ್ನೇ ತೆಗೆದರೆ ಬೇಗ ಆರಾಮ ಆಗುತ್ತದೆ. ಅದು ದಾಟಿದ ಮೇಲೆ ತೆಗೆಸುವುದರಿಂದ ಹೆಚ್ಚು ಲಾಭ ಇಲ್ಲ. ಮನೆಯಲ್ಲಿ ಸೂಜಿಯಿಂದ ಚುಚ್ಚುವುದು ಖಂಡಿತ ಬೇಡ, ಕೀವು ತುಂಬುತ್ತದೆ.

ಮಲ ಹೋಗುವಾಗ ಗಾಜಿನ ಚೂರಿನಿಂದ ಕೊಯ್ದ ಹಾಗೆ ಉರಿದು, ಆಮೇಲೂ ಒಂದೆರಡು ಗಂಟೆ ನೋವು ನಿಂತರೆ ಅದು ಹೆಚ್ಚಾಗಿ ಬಿರುಕು, ಫಿಷರ್. ಜನ ಇದನ್ನೇ ಪೈಲ್ಸ್ ಅಂದುಕೊಂಡು ವರ್ಷಗಟ್ಟಲೆ ಪೈಲ್ಸ್ ಮದ್ದು ಹಚ್ಚುತ್ತಾರೆ. ಮಲ ಮೆತ್ತಗೆ ಮಾಡುವುದು, ಬಿಸಿನೀರಿನಲ್ಲಿ ಕೂರುವುದು ಎರಡಕ್ಕೂ ಒಂದೇ. ಆದರೆ ಬಿರುಕಿಗೆ ಬಿಗಿದುಕೊಂಡ ಸ್ನಾಯುವನ್ನು ಸಡಿಲಿಸುವ ಮುಲಾಮು ಬೇಕು, ಉದಾಹರಣೆಗೆ 2 ಶೇಕಡಾ ಡಿಲ್ಟಿಯಾಜೆಮ್. ಅದನ್ನು ವೈದ್ಯರು ನೋಡಿ ಬರೆದುಕೊಡಬೇಕು, ದಿನಕ್ಕೆ ಎರಡು ಸಲದ ಹಾಗೆ ಆರರಿಂದ ಎಂಟು ವಾರ. ಒಂದು ವಾರದಲ್ಲಿ ನೋವು ಇಳಿಯಿತು ಅಂತ ಬಿಟ್ಟರೆ ಬಿರುಕು ಮತ್ತೆ ಒಡೆಯುತ್ತದೆ.

ಗುದದ ಪಕ್ಕದಲ್ಲಿ ಕೆಂಪಾಗಿ ಬಾತು, ಜ್ವರ ಬಂದು, ಮಿಡಿಯುವ ನೋವಿದ್ದರೆ ಅದು ಕೀವುಗಂಟು. ಮನೆಮದ್ದು ಮಾಡುತ್ತಾ ಕೂರಬಾರದು, ಆ ದಿನವೇ ಹೊರಡಬೇಕು.

ಬಾಳೆದಿಂಡು ಬರೆದದ್ದು:

ನಾನು ಆಹಾರದ ಭಾಗ ಮಾತ್ರ ಬರೆಯುತ್ತೇನೆ, ನಿಜವಾದ ಚಿಕಿತ್ಸೆ ಇರುವುದೇ ಅಲ್ಲಿ. ಟ್ಯೂಬ್ ಗಂಟಿನ ಉರಿ ತಗ್ಗಿಸಬಹುದು, ಗಂಟನ್ನು ದಿನಾ ಬೆಳಿಗ್ಗೆ ಕೆಳಗೆ ದೂಡುವ ಗಟ್ಟಿ ಮಲವನ್ನು ಅದು ಮೆತ್ತಗೆ ಮಾಡುವುದಿಲ್ಲ. ನಾರು ಸರಿಯಾಗಿ ತೆಗೆದುಕೊಂಡವರಲ್ಲಿ ರಕ್ತ ಹೋಗುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಕಂಡುಬಂದಿದೆ. ಆದರೆ ಪೂರ್ತಿ ಗುಣ ಕಾಣಲಿಕ್ಕೆ ಆರು ವಾರ ಬೇಕು. ನಾಲ್ಕು ದಿನಕ್ಕೆ ಕೈಬಿಡುವವರೇ ಜಾಸ್ತಿ.

ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಬಿಳಿ ಅಕ್ಕಿಯ ನೀರುದೋಸೆ, ಮಧ್ಯಾಹ್ನ ಅನ್ನ–ಮೀನುಸಾರು, ಸಂಜೆ ಚಾ–ಗೋಳಿಬಜೆ, ರಾತ್ರಿ ಪೊರೋಟ. ಹೀಗೆ ತಿಂದರೆ ಹತ್ತು ಗ್ರಾಂ ಕೂಡ ಮುಟ್ಟುವುದು ಕಷ್ಟ. ಅದೇ ಮನೆಯಲ್ಲಿ ಬೆಳಿಗ್ಗೆ ಪುಟ್ಟಿನ ಜೊತೆ ಸಕ್ಕರೆಯ ಬದಲು ಕಡಲೆ ಗಸಿ ಇದ್ದರೆ ಚಿತ್ರ ಬದಲಾಗುತ್ತದೆ. ಒಂದು ಹಿಡಿ, ಅಂದರೆ 30 ಗ್ರಾಂ ಒಣ ಹೆಸರಿನಲ್ಲಿ ಅಥವಾ ಕಡಲೆಯಲ್ಲಿ ಸುಮಾರು 5 ಗ್ರಾಂ ನಾರು ಸಿಗುತ್ತದೆ. ಒಂದು ದೊಡ್ಡ ಪೇರಳೆಯಲ್ಲೂ ಅಷ್ಟೇ. ಬಾಳೆಹಣ್ಣಿನಲ್ಲಿ 3 ಗ್ರಾಂ. ಇದರ ಮೇಲೆ ಬಸಳೆಯೋ ಹರಿವೆಯೋ ನುಗ್ಗೆಸೊಪ್ಪೋ ದಿನಕ್ಕೊಂದು ಪಲ್ಯ ಇರಲಿ. ಬಾಳೆದಿಂಡು, ಬಾಳೆಹೂ ತೋಟದಲ್ಲೇ ಉಂಟು, ಕೊಳೆಯಲಿಕ್ಕೆ ಬಿಡಬೇಡಿ. ಕುಚ್ಚಲಕ್ಕಿಯ ವಿಷಯದಲ್ಲಿ ಒಂದು ತಪ್ಪುಕಲ್ಪನೆ ಉಂಟು: ಕುಚ್ಚಲು ಅಂದ ಮಾತ್ರಕ್ಕೆ ನಾರು ಜಾಸ್ತಿ ಅಲ್ಲ. ಕೆಂಪು ತೌಡು ಉಳಿದಿರಬೇಕು. ಮಿಲ್ಲಿನಲ್ಲಿ ಬೆಳ್ಳಗೆ ಪಾಲಿಶ್ ಮಾಡಿದ ಕುಚ್ಚಲಕ್ಕಿ ಈ ಲೆಕ್ಕಕ್ಕೆ ಬೆಳ್ತಿಗೆಯ ಹಾಗೆಯೇ.

ಇಸಬ್ಗೋಲ್ ಅಳತೆ: ಮೊದಲ ಮೂರು ದಿನ ರಾತ್ರಿ ಒಂದು ಚಿಕ್ಕ ಚಮಚ. ಹೊಟ್ಟೆ ಉಬ್ಬರ ಇಲ್ಲದಿದ್ದರೆ ಎರಡು ಚಿಕ್ಕ ಚಮಚ. ಒಂದೆರಡು ವಾರದಲ್ಲಿ ಒಂದು ದೊಡ್ಡ ಚಮಚಕ್ಕೆ, ಅಂದರೆ ಸುಮಾರು 5 ಗ್ರಾಂಗೆ ಏರಿಸಿ. ಆಮೇಲೂ ಮಲ ಗಟ್ಟಿಯಾಗಿದ್ದರೆ ಬೆಳಿಗ್ಗೆ ಇನ್ನೊಂದು. ಮೊದಲ ದಿನವೇ ಎರಡು ದೊಡ್ಡ ಚಮಚ ಹಾಕಿದರೆ ಗಾಳಿ ತುಂಬಿ ಹೊಟ್ಟೆ ಬಿಗಿಯುತ್ತದೆ, "ನನಗೆ ಆಗುವುದಿಲ್ಲ" ಅಂತ ಡಬ್ಬಿ ಮೂಲೆಗೆ ಹೋಗುತ್ತದೆ.

ನೀರಿನ ಮಾತು ಇದಕ್ಕಿಂತ ಮುಖ್ಯ. ಒಂದು ದೊಡ್ಡ ಲೋಟ, 250 ಮಿ.ಲೀ. ನೀರಿಗೆ ಹಾಕಿ ಕಲಕಿ ತಕ್ಷಣ ಕುಡಿಯಬೇಕು, ಮೇಲಿಂದ ಇನ್ನೊಂದು ಲೋಟ ನೀರು. ಒಂದು ಚಮಚವನ್ನು ಅರ್ಧ ಲೋಟ ನೀರಿನಲ್ಲಿ ಹಾಕಿ ಹತ್ತು ನಿಮಿಷ ಮೇಜಿನ ಮೇಲೆ ಇಟ್ಟು ತೋರಿಸಿ ಅಕ್ಕ. ಹೊಟ್ಟಿನ ಚೂರುಗಳು ಒಂದೊಂದಾಗಿ ಊದಿ, ಅಂಚಿನಿಂದ ಕರಗಿದ ಹಾಗೆ ಕಂಡು, ಕೊನೆಗೆ ಲೋಟ ಓರೆ ಮಾಡಿದರೂ ಸುರಿಯದ ಲೋಳೆ ಆಗುತ್ತದೆ. ಕರುಳಿನಲ್ಲಿ ಮಲದೊಳಗೆ ನೀರು ಹಿಡಿದಿಡುವುದು ಈ ಲೋಳೆಯೇ. ಅದೇ ಚಮಚವನ್ನು ಎರಡು ಗುಟುಕು ನೀರಿನಲ್ಲಿ ನುಂಗಿದರೆ ಗಂಟಲಿನಲ್ಲೇ ಸಿಕ್ಕಿಕೊಳ್ಳಬಹುದು, ಕೆಳಗೆ ಇಳಿದರೂ ಮಲ ಇನ್ನಷ್ಟು ಗಟ್ಟಿಯಾಗಬಹುದು. ನುಂಗಲಿಕ್ಕೆ ಕಷ್ಟ ಇರುವವರು, ಕರುಳು ಕಟ್ಟಿಕೊಂಡ ತೊಂದರೆ ಇದ್ದವರು ತೆಗೆದುಕೊಳ್ಳಲೇಬಾರದು. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ. ಸಕ್ಕರೆ ಕಾಯಿಲೆಯವರು ರುಚಿ ಸೇರಿಸಿದ ಪುಡಿ ಬಿಟ್ಟು ಬರೀ ಹೊಟ್ಟು ಕೊಳ್ಳಲಿ.

ಇಡೀ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು, ಬೇಸಿಗೆಯಲ್ಲಿ ಅಂಗಳದ ಕೆಲಸ ಇದ್ದರೆ ಇನ್ನೂ ಹೆಚ್ಚು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರು ಕಡಿಮೆ ಮಾಡಲು ವೈದ್ಯರು ಹೇಳಿದ್ದರೆ ಆ ಮಾತನ್ನೇ ಪಾಲಿಸಬೇಕು.

ಹಿತ್ತಿಲಮದ್ದು (ಪೆರ್ಲ) ಬರೆದದ್ದು:

ಸುವರ್ಣಗಡ್ಡೆ, ಮಜ್ಜಿಗೆ ಬಿಟ್ಟರೆ ನಮ್ಮ ಕಡೆಯವರು ಒಪ್ಪಲಿಕ್ಕಿಲ್ಲ, ಅದನ್ನೂ ಸೇರಿಸಿ. ಸಂಸ್ಕೃತದಲ್ಲಿ ಸುವರ್ಣಗಡ್ಡೆಗೆ ಅರ್ಶೋಘ್ನ ಅಂತಲೇ ಹೆಸರು, ಮೂಲವ್ಯಾಧಿಯನ್ನು ಕಳೆಯುವಂಥದ್ದು ಅಂತ. ಊಟದಲ್ಲಿ ಪಲ್ಯವಾಗಿ, ಮಜ್ಜಿಗೆಹುಳಿಯಾಗಿ ಧಾರಾಳ ತಿನ್ನಬಹುದು. ಹಸಿಗಡ್ಡೆಯ ತುರಿಕೆಗೆ ಕಾರಣ ಅದರಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳು. ಆದ್ದರಿಂದ ಹುಣಸೆಹುಳಿ ಅಥವಾ ಹುಳಿ ಮಜ್ಜಿಗೆ ಹಾಕಿ ಚೆನ್ನಾಗಿ ಬೇಯಿಸಬೇಕು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಕಡಿಮೆ ತಿನ್ನಲಿ.

ಹರಳೆಣ್ಣೆ ಮಾತ್ರ ದಿನಾ ಬೇಡ. ಸೋನಾಮುಖಿ ಹಾಕಿದ ಚೂರ್ಣವೂ ಹಾಗೆಯೇ. ಕರುಳನ್ನು ಕೆರಳಿಸಿ ನೀರಾಗಿ ಹೊರಹಾಕುತ್ತವೆ. ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಹೋದರೆ ಅದೂ ಗಂಟಿಗೆ ಉರಿಯೇ. ಬೇಕಾದ್ದು ಭೇದಿ ಅಲ್ಲ, ಬಾಳೆಹಣ್ಣಿನಷ್ಟು ಮೆತ್ತಗಿನ ಮಲ.

ಇನ್ನು ಗಂಟಿನ ಮೇಲೆ ಸುಣ್ಣ, ಕ್ಷಾರ, ಯಾರೋ ಕೊಟ್ಟ ಸುಡುವ ಪೇಸ್ಟ್ ಹಚ್ಚುವುದು, "ಒಂದೇ ಇಂಜೆಕ್ಷನ್‌ನಲ್ಲಿ ಗುಣ" ಅನ್ನುವ ಬೋರ್ಡ್ ನೋಡಿ ಒಳಗೆ ಹೋಗುವುದು, ಇವುಗಳ ಬಗ್ಗೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸುಟ್ಟ ಜಾಗ ಗಾಯವಾಗಿ, ಒಣಗುವಾಗ ಸುತ್ತ ಬಿಗಿದುಕೊಂಡು ಗುದದ ಬಾಯಿಯೇ ಕಿರಿದಾಗುತ್ತದೆ. ಆಮೇಲೆ ಜೀವನಪೂರ್ತಿ ಮಲ ಹೋಗುವುದೇ ಕಷ್ಟ. ಆಯುರ್ವೇದದ ಕ್ಷಾರಕರ್ಮ ಕಲಿತ ವೈದ್ಯರು ಆಸ್ಪತ್ರೆಯಲ್ಲಿ, ಅಳತೆಯಿಟ್ಟು ಮಾಡುವ ಕೆಲಸ. ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಕುಂಬಳೆ ಕೋಟೆ ಬರೆದದ್ದು:

ಬಿಸಿನೀರಿನಲ್ಲಿ ಕೂರುವ ಕ್ರಮ ಯಾರೂ ಬರೆಯಲಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಬೇಸಿನ್ ಒಂದನ್ನು ಇದಕ್ಕೇ ಇಡಬೇಕು, ಬಟ್ಟೆ ಒಗೆಯುವುದಲ್ಲ. ಮೊದಲು ಐದು ಲೀಟರ್ ಬಾವಿನೀರು, ಅದಕ್ಕೆ ಒಂದು ಲೀಟರ್ ಕುದಿಯುವ ನೀರು. ನಮ್ಮ ಬಾವಿನೀರಿನ ತಂಪಿಗೆ ಈ ಪ್ರಮಾಣ ಹಾಕಿದರೆ ಸುಮಾರು 40 ಡಿಗ್ರಿ ಆಗುತ್ತದೆ. ತಣ್ಣೀರು ಮೊದಲು, ಬಿಸಿ ಆಮೇಲೆ. ಮೊಣಕೈ ಅದ್ದಿ ನೋಡಿದರೆ ಹಿತವಾಗಿರಬೇಕು, ಚುರುಕ್ ಅನ್ನಬಾರದು. ಸಕ್ಕರೆ ಕಾಯಿಲೆಯಿಂದ ಚರ್ಮ ಮರಗಟ್ಟಿದವರಿಗೆ ಮನೆಯ ಬೇರೆಯವರು ಮುಟ್ಟಿ ನೋಡಲಿ. "ಜಾಸ್ತಿ ಬಿಸಿ, ಜಾಸ್ತಿ ಗುಣ" ಅಂತ ಸುಟ್ಟುಕೊಂಡರೆ ಹುಣ್ಣಿನ ಮೇಲೆ ಹುಣ್ಣು.

ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಅದರಲ್ಲಿ ಒಂದು ಸಲ ಮಲ ಹೋದ ಕೂಡಲೇ. ಉಪ್ಪು, ಡೆಟ್ಟಾಲ್, ಪೊಟ್ಯಾಶ್ ಯಾವುದೂ ಬೇಡ. ಬಿಗಿದ ಸ್ನಾಯು ಸಡಿಲವಾಗುವುದು ನೀರಿನ ಬಿಸಿಯಿಂದ, ಡೆಟ್ಟಾಲಿನಿಂದ ಚರ್ಮ ಉರಿದು ತುರಿಕೆ ಸುರುವಾಗುತ್ತದೆ. ಮುಗಿದ ಮೇಲೆ ಹಳೆ ಹತ್ತಿ ಬಟ್ಟೆಯಿಂದ ಒತ್ತಿ ಒರಸಬೇಕು, ತಿಕ್ಕಬಾರದು. ಚಂಡಿ ಬಟ್ಟೆಯಲ್ಲೇ ಕೂತರೆ ಮಳೆಗಾಲದಲ್ಲಿ ಶಿಲೀಂಧ್ರದ ತುರಿಕೆ ಸೇರಿಕೊಳ್ಳುತ್ತದೆ. ಬಿಪಿ ಮಾತ್ರೆ ತಿನ್ನುವ ಹಿರಿಯರು ಒಮ್ಮೆಗೇ ಎದ್ದರೆ ತಲೆ ತಿರುಗುತ್ತದೆ, ಹಿಡಿದುಕೊಳ್ಳಲಿಕ್ಕೆ ಏನಾದರೂ ಹತ್ತಿರ ಇರಲಿ. ಮೊಣಕಾಲು ಮಡಚಲಿಕ್ಕೆ ಆಗದವರಿಗೆ ಕಮೋಡಿನ ಮೇಲೆ ಕೂರಿಸುವ ಬೇಸಿನ್ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ.

ನೀಲಿ ಗಂಟು ಎದ್ದ ಮೊದಲ ದಿನ ಮಾತ್ರ ತಂಪು ಹಿತ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ನೇರ ಚರ್ಮಕ್ಕೆ ಬೇಡ.

ಕಕ್ಕಸಿನಲ್ಲಿ ಐದು ನಿಮಿಷ ಮೀರಬಾರದು. ಬಾರದಿದ್ದರೆ ಎದ್ದು ಬರಬೇಕು, ಮತ್ತೆ ಒತ್ತಡ ಬಂದಾಗ ಹೋಗುವುದು. ಮೊಬೈಲ್ ಹೊರಗೆ. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಗೇಣು ಎತ್ತರದ ಮಣೆ ಇಟ್ಟು ಸ್ವಲ್ಪ ಮುಂದೆ ಬಾಗಿದರೆ ದಾರಿ ನೇರವಾಗುತ್ತದೆ. ಸುಲಿಯುವವರಿಗೆ ನಾನು ಹೇಳುವುದಾದರೆ, ಒತ್ತಡ ಬಂದಾಗ ತಡೆಹಿಡಿಯುವುದನ್ನು ಬಿಡಿಸುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ತಡೆಹಿಡಿದಷ್ಟು ಹೊತ್ತು ಕರುಳು ಮಲದ ನೀರನ್ನು ಹೀರುತ್ತಲೇ ಇರುತ್ತದೆ. ಕೆಲಸದ ಜಾಗದಲ್ಲಿ ಒಳ್ಳೆಯ ಕಕ್ಕಸು ಇಲ್ಲದಿದ್ದರೆ ಎಷ್ಟು ಇಸಬ್ಗೋಲ್ ಕೊಟ್ಟರೂ ಅಷ್ಟಕ್ಕಷ್ಟೇ. ಈ ಮಾತು ತೋಟದ ಧಣಿಗಳ ಕಿವಿಗೂ ಬೀಳಬೇಕು.

ಮದ್ದಂಗಡಿ ಬರೆದದ್ದು:

ಟ್ಯೂಬ್ ಬಗ್ಗೆ. ಹೆಚ್ಚಿನವುಗಳಲ್ಲಿ ಮರಗಟ್ಟಿಸುವ ಲಿಗ್ನೋಕೇಯ್ನ್ ಇರುತ್ತದೆ, ಕೆಲವದರಲ್ಲಿ ಹೈಡ್ರೋಕಾರ್ಟಿಸೋನ್‌ನಂಥ ಸ್ಟಿರಾಯ್ಡ್ ಕೂಡ. ಬಿಸಿನೀರಿನಲ್ಲಿ ಕೂತು ಒರಸಿದ ಮೇಲೆ ಬಟಾಣಿ ಗಾತ್ರದಷ್ಟು, ದಿನಕ್ಕೆ ಎರಡು ಸಲ. ಸ್ಟಿರಾಯ್ಡ್ ಇದ್ದರೆ ಏಳು ದಿನಕ್ಕೆ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಚರ್ಮ ತೆಳ್ಳಗಾಗಿ ಸುಮ್ಮನೆ ಒಡೆಯುತ್ತದೆ. ಒಳಗೆ ಹಾಕುವ ಕೊಳವೆ ಇದ್ದರೆ ಅದರ ತುದಿಗೂ ಸ್ವಲ್ಪ ಮುಲಾಮು ಸವರಬೇಕು, ಒಣ ಕೊಳವೆ ಗೀರುತ್ತದೆ.

ನೋವಿಗೆ ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ, ಆರು ಗಂಟೆ ಅಂತರದಲ್ಲಿ. ಟ್ರಮಡಾಲ್, ಕೊಡೀನ್ ಸೇರಿದ ಮಾತ್ರೆ ನೋವು ತೆಗೆದು ಮಲಬದ್ಧತೆ ಕೊಡುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ರಕ್ತ ಹೋಗುವುದನ್ನು ಹೆಚ್ಚಿಸಬಹುದು. ಇಸಬ್ಗೋಲ್ ಸಾಲದಿದ್ದರೆ ಲ್ಯಾಕ್ಟುಲೋಸ್ ಸಿರಪ್ ರಾತ್ರಿ 15 ಮಿ.ಲೀ., ಬೇಕಾದರೆ 30ರವರೆಗೆ. ಪರಿಣಾಮ ಒಂದೆರಡು ದಿನ ತಡ, ಆ ರಾತ್ರಿಯೇ ಎರಡನೆಯ ಸಲ ಕುಡಿಯಬೇಡಿ. ಕಬ್ಬಿಣದ ಮಾತ್ರೆಯೂ ಮಲಬದ್ಧತೆಗೆ ಕಾರಣ, ಮಲ ಕಪ್ಪಗೂ ಆಗುತ್ತದೆ. ಹಾಗಂತ ರಕ್ತ ಕಡಿಮೆ ಇರುವವರು ಅದನ್ನು ಬಿಡುವುದಲ್ಲ, ವೈದ್ಯರಿಗೆ ಹೇಳಿ ಬದಲಾಯಿಸುವುದು.

ಡಯೋಸ್ಮಿನ್–ಹೆಸ್ಪೆರಿಡಿನ್ ಮಾತ್ರೆ ರಕ್ತ ಹೋಗುವ ದಿನಗಳಲ್ಲಿ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. 500ರದ್ದೂ 1000ದ್ದೂ ಬರುತ್ತದೆ, ಆದ್ದರಿಂದ ಪಕ್ಕದಮನೆಯವರ ಚೀಟಿ ನೋಡಿ "ದಿನಕ್ಕೆ ಆರು" ಅಂತ ನುಂಗಬೇಡಿ, ಮಿ.ಗ್ರಾಂ ಲೆಕ್ಕ ವೈದ್ಯರೇ ಹೇಳಲಿ.

ತೋಟದಬದಿ ಮತ್ತೆ ಕೇಳಿದ್ದು:

ಎಲ್ಲರಿಗೂ ತುಂಬ ಉಪಕಾರ ಆಯಿತು. ಎರಡು ಸಂಶಯ. ಗುಂಪಿನಲ್ಲಿ ಒಬ್ಬಳು ಎಂಟು ತಿಂಗಳ ಬಸುರಿ, ಅವಳಿಗೆ ಇದೆಲ್ಲ ಆಗುತ್ತದಾ? ಇನ್ನೊಬ್ಬರಿಗೆ 56 ವರ್ಷ, ಹೃದಯಕ್ಕೆ ರಕ್ತ ತೆಳ್ಳಗೆ ಮಾಡುವ ಮಾತ್ರೆ ಉಂಟು, ಈಗ ಮೊದಲ ಸಲ ರಕ್ತ ಕಂಡಿದೆ.

ಪಯಸ್ವಿನಿ ತೀರ ಬರೆದದ್ದು:

ಬಸುರಿಗೆ ನಾರು, ನೀರು, ಹದ ಬಿಸಿನೀರಿನಲ್ಲಿ ಕೂರುವುದು, ಲ್ಯಾಕ್ಟುಲೋಸ್, ಎಲ್ಲ ಆಗುತ್ತದೆ. ಎಡಮಗ್ಗುಲಾಗಿ ಮಲಗಿದರೆ ಕೆಳಗಿನ ನಾಳಗಳ ಮೇಲೆ ಭಾರ ತಗ್ಗುತ್ತದೆ. ಹರಳೆಣ್ಣೆ ಅವಳಿಗೆ ಬೇಡವೇ ಬೇಡ, ಗರ್ಭಕೋಶ ಬಿಗಿಯಲು ಸುರುವಾಗಬಹುದು. ಟ್ಯೂಬನ್ನು ಪರೀಕ್ಷೆಗೆ ಹೋದಾಗ ಕೇಳಿಯೇ ಹಚ್ಚಲಿ. ಹೆಚ್ಚಿನವರಿಗೆ ಹೆರಿಗೆಯಾದ ಕೆಲವು ವಾರಗಳಲ್ಲಿ ಇಳಿಯುತ್ತದೆ.

56ರ ಅಕ್ಕನ ವಿಷಯಕ್ಕೆ ತಡ ಮಾಡಬೇಡಿ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಹೃದಯಕ್ಕೆ ಅಪಾಯ. ಆದರೆ ಈ ವಯಸ್ಸಿನಲ್ಲಿ ಮೊದಲ ಸಲ ರಕ್ತ ಕಂಡರೆ ಮೂಲವ್ಯಾಧಿ ಅಂತ ನಾವು ತೀರ್ಮಾನಿಸುವ ಹಾಗಿಲ್ಲ. ದೊಡ್ಡಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಸುರುವಾಗಬಹುದು. 45 ದಾಟಿದವರಲ್ಲಿ ಹೊಸದಾಗಿ ರಕ್ತ, ಮಲದೊಳಗೆ ಬೆರೆತ ರಕ್ತ, ಡಾಂಬರಿನಂಥ ಕಪ್ಪು ಮಲ, ಕೆಲವು ವಾರಗಳಿಂದ ಮಲ ಹೋಗುವ ಕ್ರಮವೇ ಬದಲಾಗಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮುಖ ಬಿಳಿಚಿ ಏದುಸಿರು ಬರುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇದರಲ್ಲಿ ಒಂದಿದ್ದರೂ ಮನೆಮದ್ದಿನ ಮೊದಲು ಪರೀಕ್ಷೆ. ಚಿಕ್ಕವರಲ್ಲೂ ಒಂದು ವಾರದ ಆರೈಕೆಗೆ ರಕ್ತ ಸ್ವಲ್ಪವೂ ತಗ್ಗದಿದ್ದರೆ ತೋರಿಸಬೇಕು. ಹಿಂದಿನ ದಿನ ಬೀಟ್ರೂಟ್ ತಿಂದದ್ದುಂಟಾ ಅಂತಲೂ ಒಮ್ಮೆ ಕೇಳಿ, ಅದರ ಕೆಂಪಿಗೂ ಜನ ಹೆದರುತ್ತಾರೆ.

ಆ ಗಳಿಗೆಯಲ್ಲೇ ಹೊರಡಬೇಕಾದ್ದು: ರಕ್ತ ಗಡ್ಡೆಗಡ್ಡೆಯಾಗಿ ಹೋಗಿ ತಲೆ ತಿರುಗಿದರೆ, ಹೊರಬಂದ ಗಂಟು ಒಳಗೆ ಹೋಗದೆ ಕಪ್ಪಾದರೆ, ಜ್ವರ, ಹೆಚ್ಚುತ್ತಲೇ ಇರುವ ನೋವು, ಮೂತ್ರ ಕಟ್ಟಿಕೊಳ್ಳುವುದು ಒಟ್ಟಿಗೆ ಬಂದರೆ.

ಹೆಂಗಸರು ಹೆದರುವುದು ಪರೀಕ್ಷೆಗೆ. ಅಲ್ಲಿ ಎಂತ ಮಾಡುತ್ತಾರೆ ಅಂತ ಮೊದಲೇ ಹೇಳಿಬಿಡಿ. ಎಡಮಗ್ಗುಲಾಗಿ ಮಲಗಿ ಮೊಣಕಾಲನ್ನು ಎದೆಯ ಕಡೆ ಮಡಚುವುದು, ಸೊಂಟದವರೆಗೆ ಬಟ್ಟೆ ಹೊದಿಸುತ್ತಾರೆ. ಕೈಗವಸು ಹಾಕಿದ ಬೆರಳಿಗೆ ಜೆಲ್ಲಿ ಹಚ್ಚಿ ನೋಡುತ್ತಾರೆ, ಆಮೇಲೆ ಬೇಕಾದರೆ ಬೆರಳಿನಷ್ಟು ಉದ್ದದ ಕೊಳವೆಯಿಂದ. ಎಲ್ಲ ಸೇರಿ ಕೆಲವೇ ನಿಮಿಷ. ಬಾಯಿಂದ ದೀರ್ಘ ಉಸಿರು ಬಿಟ್ಟರೆ ಬಿಗಿತ ತಗ್ಗುತ್ತದೆ. ವಿಪರೀತ ನೋವಿದ್ದರೆ ಮೊದಲೇ ಹೇಳಿದರೆ ಆ ದಿನ ಬೆರಳು ಹಾಕದೆ ಮದ್ದು ಕೊಟ್ಟು ಕಳಿಸುತ್ತಾರೆ. ಒಬ್ಬರು ಹೆಂಗಸು ಜೊತೆಗಿರಲಿ ಅಂತ ಕೇಳಲಿಕ್ಕೆ ಪೂರ್ತಿ ಹಕ್ಕುಂಟು. ಬ್ಯಾಂಡ್ ಹಾಕುವುದಾದರೂ ಆ ಗಡಿಗೆರೆಗಿಂತ ಮೇಲೆ, ನೋವಿನ ಅರಿವಿಲ್ಲದ ಭಾಗದಲ್ಲೇ ಹಾಕುವ ಕಾರಣ ಮರಗಟ್ಟಿಸುವ ಅಗತ್ಯ ಇರುವುದಿಲ್ಲ, ಸಂಜೆಗೆ ಮನೆಗೆ ಬರಬಹುದು. ಒಂದು ವಾರ, ಹತ್ತು ದಿನದೊಳಗೆ ಒಣಗಿದ ಗಂಟು ಬ್ಯಾಂಡಿನ ಜೊತೆ ಬಿದ್ದುಹೋಗುತ್ತದೆ, ಆಗ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ರಕ್ತ ತೆಳ್ಳಗೆ ಮಾಡುವ ಮಾತ್ರೆ ಇರುವ ಆ ಅಕ್ಕ ಮಾತ್ರ ಮೊದಲ ದಿನವೇ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಲಿ.